ಅರ್ಧ ಕಂಬಳಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಐವತ್ತು ವರ್ಷ ದಬ್ಬಣ ಹಿಡಿದ ಗುರುತು. ಕುಕನೂರಿನ ಸಂತೆ ಬೀದಿಯಲ್ಲಿ ಹಳೆಯ ಕಂಬಳಿ ರಿಪೇರಿ ಮಾಡುತ್ತಿದ್ದ ಆ ಅಜ್ಜ ಯಾರನ್ನೂ ನಂಬುತ್ತಿರಲಿಲ್ಲ. ಚಹಾ ಬಂದರೆ ಮೊದಲು ಮೂಸುತ್ತಿದ್ದರು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಎರಡು ಸಲ ಕೇಳುತ್ತಿದ್ದರು. ನಾನೂ ಅದೇ ಜಾತಿಯ ಅನುಮಾನದ ಪ್ರಾಣಿ, ಹಾಗಾಗಿ ನಮ್ಮಿಬ್ಬರಿಗೂ ಸರಿಹೋಗಿತ್ತು.

ಹನುಮನಹಳ್ಳಿಯ ನನ್ನ ಹೋಮ್‌ಸ್ಟೇಯ ಪ್ಯಾಸೇಜಿಗೆ ಹಾಸಲೆಂದು ಒಬ್ಬ ವ್ಯಾಪಾರಿಯಿಂದ ಉದ್ದನೆಯ, ಅಗಲ ಕಮ್ಮಿಯಿದ್ದ ಉಣ್ಣೆಯ ಹಾಸೊಂದನ್ನು ಕೊಂಡಿದ್ದೆ. ನೂರು ವರ್ಷದ ಆ್ಯಂಟಿಕ್ ರನ್ನರ್, ಕುರಿಗಾರರು ಕೈಯಿಂದ ನೇಯ್ದದ್ದು ಎಂದಿದ್ದ. ಒಂದು ತುದಿ ಬಿಚ್ಚಿದ್ದರಿಂದ ಅಜ್ಜನ ಬಳಿ ಒಯ್ದೆ. ಅವರು ಅಂಚಿನುದ್ದಕ್ಕೂ ಉಗುರು ಎಳೆದು, ಅಲ್ಲಿದ್ದ ಸಣ್ಣ ತೂತುಗಳನ್ನು ತೋರಿಸಿದರು.

"ಇದು ಅರ್ಧಾ ಕಂಬಳಿ ಐತ್ರಿ. ನಮ್ಮ ಮಗ್ಗದ ಅಗಲಾನ ಇಷ್ಟು. ಎರಡು ಪಟ್ಟಿ ನೇಯ್ದು ನಡುವ ಹೊಲಿತೀವಿ. ಯಾರೋ ಹೊಲಿಗಿ ಬಿಚ್ಚಿ, ಎರಡು ಮಾಡಿ ಮಾರ್ಯಾರ. ಇಲ್ಲೇ ಬಿಟ್ಟು ಹೋಗ್ರಿ, ಜೋಡಿ ಹುಡುಕ್ತೀನಿ."

ಹೀಗಳೆದು ನನ್ನ ಹಾಸನ್ನು ಹೊಡೆದುಕೊಳ್ಳುವ ಉಪಾಯ ಎಂದೇ ನನಗನ್ನಿಸಿತು. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟು ಬಂದೆ. ಹದಿನೈದು ದಿನದ ಮೇಲೆ ಹೋಗಿ ನೋಡಿದರೆ ಅಂಗಡಿಗೆ ಬೀಗ. ಪಕ್ಕದ ಟೇಲರ್ ಮುಂದೆ, ಬಾಯಿ ತಪ್ಪಿ ಅಲ್ಲ, ಬೇಕೆಂದೇ ಅಂದೆ: "ಅಜ್ಜ ನನ್ನ ಕಂಬಳಿ ಹೊಡ್ಕೊಂಡು ಓಡಿಹೋಗ್ಯಾನ."

ಮೂರನೆಯ ದಿನ ಅಜ್ಜ ಹೆಗಲ ಮೇಲೆ ಗಂಟು ಹೊತ್ತು ನನ್ನ ಬಾಗಿಲಲ್ಲಿ ನಿಂತಿದ್ದರು. ಯಲಬುರ್ಗಾ, ಕುಷ್ಟಗಿ ಸುತ್ತಿ, ಗಂಗಾವತಿಯ ಒಂದು ಅಂಗಡಿಯಲ್ಲಿ ತೂತುಗಳ ತಾಳೆ ನೋಡಿ ಇನ್ನರ್ಧ ಪತ್ತೆ ಮಾಡಿದ್ದರು. ತಮ್ಮವೇ ಎರಡು ಕಂಬಳಿ ಕೊಟ್ಟು ಬಿಡಿಸಿಕೊಂಡು, ಹೊಲಿದು ತಂದಿದ್ದರು. ಹಾಸಿ ತೋರಿಸಿದರು. ನನ್ನ ತುಂಡಿನ ಅಂಚಿನಲ್ಲಿ ವ್ಯಾಪಾರಿ ಗಿಡಮೂಲಿಕೆ ಬಣ್ಣವೆಂದು ಹೊಗಳಿದ್ದ ಹಳದಿ ಕಲೆ ಈಗ ಹೊಲಿಗೆ ದಾಟಿ ದುಂಡಗಾಗಿತ್ತು.

"ಅರಿಷಿಣ ಐತ್ರಿ. ಯಾರದೋ ಮದುವಿ ಗದ್ದಿಗಿ ಇದು. ತುಳ್ಯಾಕ ಹಾಕಬ್ಯಾಡ್ರಿ."

ಮಡಚಿ ಕಪಾಟಿನಲ್ಲಿಟ್ಟೆ. ಟೇಲರ್ ಮುಂದೆ ಆಡಿದ ಮಾತನ್ನು ಮಾತ್ರ ಅವರಿಗೆ ಹೇಳಲಿಲ್ಲ, ನಾಚಿಕೆಯಾಯಿತು. ಮುಂದಿನ ತಿಂಗಳು ಕುಕನೂರಿಗೆ ಹೋದಾಗ ಅವರ ಮುಂದೆ ಒಂದೂ ಕಂಬಳಿ ಇರಲಿಲ್ಲ. "ಯಾಕೋ ಜನಾ ಬರವಲ್ರು ನೋಡ್ರಿ" ಅಂದರು. ಯಾಕೆಂದು ನನಗೆ ಗೊತ್ತಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಮಣ್ಣಿಗೆಂದು ಹೋದ ನಾನು ಅಲ್ಲಿಂದ ನೇರ ಟೇಲರ್ ಅಂಗಡಿಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿದೆ. ಅಜ್ಜ ಕಳ್ಳನಲ್ಲ, ತಪ್ಪು ನನ್ನದು ಎಂದೆ. ಅವನು ಮಷೀನು ತುಳಿಯುವುದನ್ನೂ ನಿಲ್ಲಿಸಲಿಲ್ಲ.

"ಇರ್ಲಿ ಬಿಡ್ರಿ. ಸತ್ತವರ ಬಗ್ಗೆ ಎಲ್ಲಾರೂ ಹಿಂಗ ಛಲೋ ಮಾತ ಆಡ್ತಾರ."