ನಾರಿನ ಗಂಟು, ನೈಲಾನ್ ಹಗ್ಗ

ಅಕ್ಟೋಬರ್ ಒಂಬತ್ತು, ಗುರುವಾರ, ಬೆಳಿಗ್ಗೆ ಐದು ಗಂಟೆ. ಹಾಜರಿದ್ದವರು ಹದಿಮೂರು ಜನ: ಕಲಿಯಲು ಬಂದ ಹನ್ನೆರಡು ಮಂದಿ, ಕಲಿಸುವ ಹೇಮಾ ಒಬ್ಬಳು. ಎದ್ದವಳೇ ಬೂಟಿಗೆ ಕಾಲು ತೂರಿಸಿದೆ. ಕಾಲು ಒಳಗೆ ಹೋಗಲಿಲ್ಲ. ಹಿಂದಿನ ದಿನ ಒದ್ದೆ ಹುಲ್ಲಿನಲ್ಲಿ ನಡೆದ ಬೂಟು ಬೆಳಗಾಗುವುದರೊಳಗೆ ಹೆಪ್ಪುಗಟ್ಟಿ ಹಲಗೆಯಂತೆ ಸೆಟೆದು ನಿಂತಿತ್ತು. ಒಂದನ್ನು ಹೊಟ್ಟೆಗೆ ಅವಚಿಕೊಂಡು ಕೂತೆ, ಇನ್ನೊಂದನ್ನು ತೊಡೆಯ ಸಂದಿಗೆ ಇಟ್ಟುಕೊಂಡೆ. ಅರವತ್ತೊಂದನೆಯ ವಯಸ್ಸಿನಲ್ಲಿ ಬೂಟಿಗೆ ಕಾವು ಕೊಡುತ್ತಾ ಕೂರುತ್ತೇನೆಂದು ಎಣಿಸಿರಲಿಲ್ಲ. ಪ್ರಾರ್ಥನೆಗೆ, ಅಂದರೆ ಇಲ್ಲಿನ ಬೆಳಗಿನ ಸಭೆಗೆ, ಏಳು ನಿಮಿಷ ತಡವಾಯಿತು. ಮೂವತ್ತಮೂರು ವರ್ಷದ ನೌಕರಿಯಲ್ಲಿ ನಾನು ತಡವಾಗಿ ಹೋದದ್ದಿಲ್ಲ.

ಊರಿನ ಓದುಗರಿಗೆ ಇದು ಎಲ್ಲಿಯ ಮಾತು ಎಂದು ಮೊದಲು ಹೇಳಬೇಕು. ನಾನು ದಂಡಿನಶಿವರದವಳು. ತುರುವೇಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣದ ಟೀಚರ್ ಆಗಿದ್ದೆ. ನಿವೃತ್ತಿಯಾದ ಮೇಲೂ ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು. ಎದ್ದು ಮಾಡಲು ಕೆಲಸವಿರುತ್ತಿರಲಿಲ್ಲ. ತೋಟವನ್ನು ತಮ್ಮ ಶಿವಣ್ಣ ನೋಡಿಕೊಳ್ಳುತ್ತಾನೆ, ಅಡಿಗೆಮನೆಯನ್ನು ಅವನ ಹೆಂಡತಿ ನೋಡಿಕೊಳ್ಳುತ್ತಾಳೆ. ಆಗ ಈ ಶಿಬಿರದ ವಿಷಯ ತಿಳಿಯಿತು. ಪಿಯುಸಿ ಮುಗಿಸಿ ಕಾಲೇಜಿಗೆ ಸೇರುವ ಮೊದಲು ಒಂದು ವರ್ಷ ಬಿಡುವು ಮಾಡಿಕೊಂಡ ಮಕ್ಕಳನ್ನು ಕುಮಾವೂಂ ಬೆಟ್ಟಗಳಲ್ಲಿ ಅಲೆಸಿ, ಕಾಡಿನಲ್ಲಿ ತಂಡ ನಡೆಸುವುದನ್ನು ಕಲಿಸುತ್ತಾರೆ. ಐವತ್ತು ದಾಟಿದವರಿಗೆ ಒಂದು ಜಾಗವನ್ನೂ ಇಟ್ಟಿದ್ದರು. ಅರ್ಜಿ ಹಾಕಿದೆ. ಜುಲೈನಲ್ಲಿ ಹೊರಟಾಗ ಶಿವಣ್ಣ ಬಸ್‌ಸ್ಟ್ಯಾಂಡಿನವರೆಗೂ ಗೊಣಗುತ್ತಲೇ ಬಂದ.

‘ಅಲ್ಲ ಕಣಕ್ಕ, ಹುಡುಗ್ರು ಕಾಲೇಜಿಗೆ ಹೋಗೋಕ್ ಮುಂಚೆ ಮಾಡೋದ್ನ ನೀನು ರಿಟೈರಾದ್ಮೇಲೆ ಮಾಡ್ತೀಯಲ್ಲ. ನೆಟ್ಟಗೆ ಒಂದು ದಿಬ್ಬ ಇಲ್ಲ ನಮ್ಮೂರಲ್ಲಿ. ಬೆಟ್ಟ ಹತ್ತಕ್ ಹೊಂಟವ್ಳೆ.’

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ನಡೆಯುವುದೆಂದರೆ ತೆಂಗಿನ ಸಾಲಿನ ನಡುವೆ ನೇರವಾಗಿ ನಡೆಯುವುದು. ಎತ್ತ ನೋಡಿದರೂ ನೆಲ ಒಂದೇ ಸಮ, ನೆರಳು ಒಂದೇ ಸಮ. ಇಲ್ಲಿ ಹತ್ತು ಹೆಜ್ಜೆ ಸಮನೆಲ ಸಿಕ್ಕಿದರೆ ಡೇರೆ ಹಾಕುತ್ತಾರೆ. ನನ್ನ ಮನೆ ಎಂದರೆ ಈಗ ಅದೇ: ಇಬ್ಬರು ಮಲಗುವ ಬಟ್ಟೆಯ ಗೂಡು. ದಿನವೂ ಬೆಳಿಗ್ಗೆ ಬಿಚ್ಚಿ ಬೆನ್ನಿಗೆ ಹೇರುವುದು, ಸಂಜೆ ಮತ್ತೆ ಕಟ್ಟುವುದು. ಮಂಡಿ ನೋಯುತ್ತದೆ. ಇಳಿಯುವಾಗ ಹತ್ತುವುದಕ್ಕಿಂತ ಹೆಚ್ಚು ನೋಯುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಬರೆಯುತ್ತಿರುವುದು ಇದೇ ಮೊದಲು.

ಮಾತು ಹಿಂದಿಯಲ್ಲಿ. ನನ್ನ ಹಿಂದಿ ಪರೀಕ್ಷೆ ಪಾಸು ಮಾಡಿದ ಹಿಂದಿ, ಸಂತೆಯಲ್ಲಿ ಓಡುವುದಿಲ್ಲ. ಬೆಟ್ಟದವರ ಮಾತು ಇನ್ನೂ ಬೇರೆ. ಹಳ್ಳಕ್ಕೆ ಗಾಡ್ ಎನ್ನುತ್ತಾರೆ, ಮರಗಳು ನಿಂತುಹೋದ ಎತ್ತರದ ಹುಲ್ಲುಗಾವಲಿಗೆ ಬುಗ್ಯಾಲ್ ಎನ್ನುತ್ತಾರೆ. ರಾಗಿಗೆ ಮಡುವಾ. ಇಲ್ಲೂ ರಾಗಿ ಇದೆ ಎಂದು ತಿಳಿದ ದಿನ ನನಗಾದ ಸಂತೋಷ ಹೇಳತೀರದು. ಆದರೆ ಇವರು ಅದನ್ನು ರೊಟ್ಟಿ ತಟ್ಟುತ್ತಾರೆ. ಒಂದು ಸಂಜೆ ಹಟ ಹಿಡಿದು ಮುದ್ದೆ ತಿರುವಿದೆ. ಈ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಕುದಿದರೂ ಸಾಕಷ್ಟು ಬಿಸಿಯಾಗುವುದಿಲ್ಲ. ಮುದ್ದೆ ಒಳಗೆ ಹಸಿಯಾಗಿಯೇ ಉಳಿಯಿತು. ನಾನೂ ಚಿತ್ರಾಳೂ ಅದನ್ನೇ ನುಂಗಿದೆವು.

ಕೆಳಗಿನ ಪೇಟೆಯ ಅಂಗಡಿಯಲ್ಲಿ ಒಮ್ಮೆ ಉಂಡೆ ಕೊಬ್ಬರಿ ಕಂಡೆ. ಇವರು ಗೋಲಾ ಎನ್ನುತ್ತಾರೆ. ಕೈಗೆತ್ತಿಕೊಂಡು ಮೂಸಿದೆ, ನಮ್ಮ ಕಡೆಯದೇ. ಎಲ್ಲಿಯದೆಂದು ಕೇಳಿದರೆ ಅಂಗಡಿಯವನು ದಿಲ್ಲಿಯದು ಎಂದ. ತಿದ್ದಲು ಹೋಗಲಿಲ್ಲ. ಇಟ್ಟು ಬಂದೆ. ಆ ದಿನ ಬೇರೇನೂ ಕೆಲಸ ಸಾಗಲಿಲ್ಲ.

ಚಿತ್ರಾ ಯಾರೆಂದು ಹೇಳಬೇಕು. ಹತ್ತೊಂಬತ್ತರ ಹುಡುಗಿ, ಹುಳಿಯಾರಿನ ಹತ್ತಿರದ ಹಳ್ಳಿಯವಳು. ಅಪ್ಪ ಕುರಿ ಮಂದೆ ಇಟ್ಟವರು. ವೈದ್ಯಕೀಯದ ಪ್ರವೇಶ ಪರೀಕ್ಷೆ ಎರಡು ಸಲ ಬರೆದು ಸೀಟು ಸಿಗದೆ, ಇಲ್ಲಿ ಶುಲ್ಕವಿಲ್ಲದ ಜಾಗ ಸಿಕ್ಕಿತೆಂದು ಬಂದಳು. ಇಡೀ ತಂಡದಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ಶಾಲೆಯಲ್ಲಿ ಓದಿದವಳಲ್ಲ, ಆದರೂ ಮೊದಲ ದಿನದಿಂದ ನನ್ನನ್ನು ಟೀಚರ್ ಎಂದೇ ಕರೆದಳು. ಉಳಿದವರು ಅದೇ ನನ್ನ ಹೆಸರು ಎಂದುಕೊಂಡು ಹಾಗೇ ಕರೆಯುತ್ತಾರೆ.

ಡಿಸೆಂಬರಿನ ಕೊನೆಯ ನಡಿಗೆಯನ್ನು ಮಕ್ಕಳೇ ನಡೆಸಬೇಕು. ಅದಕ್ಕೆ ಮೂವರನ್ನು ಹೇಮಾ ಆರಿಸುತ್ತಾಳೆ. ಆ ಮೂವರಿಗೆ ಮುಂದಿನ ವರ್ಷ ಇಲ್ಲೇ ಸಹಾಯಕರ ಕೆಲಸ. ಇಬ್ಬರು ಆಗಲೇ ಆಯ್ಕೆಯಾಗಿದ್ದರು. ಉಳಿದ ಒಂದು ಜಾಗಕ್ಕೆ ಚಿತ್ರಾ ಕಾದಿದ್ದಳು. ಸಿಗದಿದ್ದರೆ ಊರಿಗೆ ಹೋಗಬೇಕು. ಅಲ್ಲಿ ಗಂಡು ಗೊತ್ತುಮಾಡಿದ್ದಾರೆ. ‘ಹುಡುಗ ಒಳ್ಳೇವ್ನೇ ಕಣ್ರೀ ಟೀಚರ್, ಅವನ್ ಮೇಲೆ ನಂಗೇನಿಲ್ಲ. ಆದ್ರೆ ಈಗ್ಲೇ ಬ್ಯಾಡ’ ಎಂದು ಒಮ್ಮೆ ಹೇಳಿದ್ದಳು. ಒಂಬತ್ತನೇ ತಾರೀಖು ಅವಳನ್ನು ದಿನದ ಮುಂದಾಳು ಮಾಡಿ ಹೇಮಾ ಪರೀಕ್ಷಿಸುವವಳಿದ್ದಳು.

ಹತ್ತು ಗಂಟೆಗೆ ಗಾಡ್ ಸಿಕ್ಕಿತು. ಮಂಡಿಯುದ್ದ ನೀರು, ಭಾರಿ ಸೆಳವು, ಕಾಲಡಿಗೆ ಉರುಳುಗಲ್ಲು. ಈ ದಡದ ಮರದಿಂದ ಆ ದಡದ ಮರಕ್ಕೆ ಹಗ್ಗ ಕಟ್ಟಿ, ಅದನ್ನು ಹಿಡಿದು ಒಬ್ಬೊಬ್ಬರಾಗಿ ದಾಟುವ ಪದ್ಧತಿ. ಈ ದಡದ ಗಂಟನ್ನು ಕಟ್ಟುವ ಕೆಲಸ ನನಗೆ ಬಂತು. ಎಂಟರ ಆಕಾರದ ಗಂಟನ್ನು ಜುಲೈನಲ್ಲೇ ಕಲಿಸಿದ್ದರು. ನಾನು ತಪ್ಪಿಲ್ಲದೆ ಕಟ್ಟಿ ತೋರಿಸಿದ್ದೆ.

ಆದರೆ ಆ ಹೊತ್ತು ಬೆರಳು ಮರಗಟ್ಟಿತ್ತು. ನನ್ನ ಹಿಂದೆ ಹನ್ನೊಂದು ಜನ ನಿಂತಿದ್ದರು. ತಲೆ ಹೇಳುವ ಮೊದಲೇ ಕೈ ಕಟ್ಟಿ ಮುಗಿಸಿತ್ತು. ಅದು ನನ್ನ ತಾಯಿ ಹಿತ್ತಲಲ್ಲಿ ನಾರು ಹೊಸೆಯುತ್ತಾ ನನಗೆ ಏಳನೇ ವಯಸ್ಸಿನಲ್ಲಿ ಕಲಿಸಿದ ಕಟ್ಟು. ಮರಕ್ಕೆ ಎರಡು ಸುತ್ತು, ತುದಿಯನ್ನು ಸುತ್ತಿನ ಅಡಿಗೆ ತೂರಿಸಿ ಒಂದು ಜಗ್ಗು. ಗಾಡಿಗೆ ಕಾಯಿ ಹೇರಿದರೂ, ಎಮ್ಮೆ ಕಟ್ಟಿದರೂ ನಮ್ಮಲ್ಲಿ ಅದೇ. ನಾರಿನ ಹಗ್ಗ ಒರಟು. ಎಳೆ ಎಳೆಯನ್ನು ಕಚ್ಚಿ ಹಿಡಿಯುತ್ತದೆ, ಒದ್ದೆಯಾದರೆ ಇನ್ನೂ ಬಿಗಿಯುತ್ತದೆ. ನನ್ನ ಕೈಯಲ್ಲಿದ್ದದ್ದು ನೈಲಾನ್ ಹಗ್ಗ.

ಯಾರೇ ಕಟ್ಟಿದರೂ ಮುಂದಾಳು ಮೈಭಾರ ಬಿಟ್ಟು ಎಳೆದು ನೋಡಬೇಕು. ಇದು ನಿಯಮ. ಚಿತ್ರಾ ಆ ದಡಕ್ಕೆ ದಾಟಿ ಅಲ್ಲಿನ ಗಂಟನ್ನು ಎರಡು ಸಲ ಎಳೆದು ನೋಡಿ ಬಂದಿದ್ದಳು. ನನ್ನ ಹತ್ತಿರ ಬಂದು, ನನ್ನ ಮುಖ ನೋಡಿ, ‘ಆಯ್ತಾ ಟೀಚರ್?’ ಎಂದಳು. ಆಯ್ತು ಎಂದೆ. ಅವಳು ಸೀಟಿ ಊದಿದಳು.

ನಾಲ್ವರು ದಾಟಿದರು. ಐದನೆಯವಳು ಇರಾ, ದಿಲ್ಲಿಯ ಹುಡುಗಿ, ನಡುನೀರಿನಲ್ಲಿ ಕಾಲು ಜಾರಿ ಹಗ್ಗಕ್ಕೆ ಜೋತುಬಿದ್ದಳು. ನನ್ನ ಕಣ್ಣೆದುರೇ ತುದಿ ಸುತ್ತಿನಡಿಯಿಂದ ನುಣ್ಣಗೆ ಸರಿದು ಹೊರಬಂತು, ಸದ್ದೇ ಇಲ್ಲ. ಹಗ್ಗ ಸಡಿಲವಾಯಿತು. ಇರಾ ಮುಳುಗಿ ಇಪ್ಪತ್ತು ಅಡಿ ಕೆಳಗೆ ಬಂಡೆಗೆ ತಗುಲಿ ನಿಂತಳು. ಹೇಮಾ ಮತ್ತು ಇನ್ನೊಬ್ಬ ನೀರಿಗಿಳಿದು ಎಳೆದುಕೊಂಡರು. ಗಲ್ಲ ಒಡೆದಿತ್ತು, ಮಲಗುವ ಚೀಲ ಪೂರ್ತಿ ನೆನೆದಿತ್ತು, ಮೈ ನಿಲ್ಲದೆ ನಡುಗುತ್ತಿತ್ತು. ಎಲ್ಲರನ್ನೂ ಆ ದಡಕ್ಕೆ ದಾಟಿಸಿ ಹನ್ನೊಂದೂವರೆಗೇ ಡೇರೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಇರಾ ಎದ್ದು ಕೂತು ಚಹಾ ಕುಡಿದಳು. ಯಾರಿಗೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾಲ್ಕು ಗಂಟೆಗೆ ಸಭೆ. ಮೊದಲು ಮುಂದಾಳು ಮಾತಾಡಬೇಕು, ಆಮೇಲೆ ಕೂತ ಸಾಲಿನಲ್ಲಿ ಒಬ್ಬೊಬ್ಬರು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ನನಗೆ ಮೆಚ್ಚುಗೆಯಾಗಿದ್ದ ನಿಯಮ ಅದು. ಚಿತ್ರಾ ಎದ್ದು ತನಗೆ ಬಂದಷ್ಟು ಹಿಂದಿಯಲ್ಲಿ, ಗಂಟು ಎಳೆದು ನೋಡಲಿಲ್ಲ, ತಪ್ಪು ತನ್ನದು ಎಂದು ಹೇಳಿ ಕೂತಳು. ಯಾರ ಗಂಟು ಎಂದು ಹೇಳಲಿಲ್ಲ. ಮರದ ಬುಡದಲ್ಲಿ ನಾನಿದ್ದದ್ದನ್ನು ಕಂಡವರಿದ್ದರು, ಕಟ್ಟಿದ್ದು ಕಲಿಸಿದ ಗಂಟಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎರಡನೆಯವನು ಚಿತ್ರಾಳಿಗೆ ಯಾವಾಗಲೂ ಆತುರ ಎಂದ. ಮೂರನೆಯವಳು ಹೌದೆಂದಳು. ಹೇಮಾ ಬರೆದುಕೊಳ್ಳುತ್ತಿದ್ದಳು. ನನ್ನ ಸರದಿ ಒಂಬತ್ತನೆಯದು.

ಸರದಿ ಬಂದಾಗ ಹೇಳೋಣ ಎಂದುಕೊಂಡೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಹೇಳದಿದ್ದರೂ ನಡೆಯುತ್ತದೆ. ಹುಡುಗಿ ಒಪ್ಪಿಕೊಂಡಾಗಿದೆ. ಹೇಳಿದರೆ, ಮುದುಕಿಗೆ ಇನ್ನು ಹಗ್ಗ ಕೊಡಬೇಡಿ ಎಂದು ಕೆಳಗಿನ ಶಿಬಿರಕ್ಕೆ ಕಳಿಸುತ್ತಾರೆ. ಆ ಯೋಚನೆ ನನ್ನಲ್ಲಿ ಎಷ್ಟು ಹೊತ್ತು ಕೂತಿತ್ತೆಂದರೆ ನಾಲ್ಕನೆಯವನೂ ಮಾತಾಡಿ ಮುಗಿಸಿದ. ಐದನೆಯವರು ಬಾಯಿ ತೆರೆಯುವ ಮೊದಲು ನಾನು ಎದ್ದು ನಿಂತೆ. ಹೇಮಾ ಕೈ ಎತ್ತಿ ಕೂರಲು ಸೂಚಿಸಿದಳು. ಕೂರಲಿಲ್ಲ. ಗಂಟು ನನ್ನದು, ಕಲಿಸಿದ ಗಂಟಲ್ಲ, ನಮ್ಮೂರಿನ ನಾರು ಹಗ್ಗದ್ದು ಎಂದು ಹೇಳಿದೆ.

ಹೇಮಾ ಪೆನ್ಸಿಲ್ ಕೆಳಗಿಟ್ಟಳು. ಗಂಟು ನನ್ನ ತಪ್ಪು, ಎಳೆದು ನೋಡದ್ದು ಚಿತ್ರಾಳ ತಪ್ಪು, ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂದಳು. ಆಮೇಲೆ ಚಿತ್ರಾಳ ಕಡೆ ತಿರುಗಿ, ಆ ದಡದ್ದನ್ನು ಎರಡು ಸಲ ನೋಡಿದವಳು ಇದನ್ನೇಕೆ ಬಿಟ್ಟೆ ಎಂದು ಕೇಳಿದಳು. ಚಿತ್ರಾಳಿಗೆ ಹಿಂದಿ ಬರಲಿಲ್ಲ. ನನ್ನನ್ನೇ ನೋಡಿ ಕನ್ನಡದಲ್ಲಿ ಹೇಳಿದಳು.

‘ನೀವ್ ಕಟ್ಟಿದ್ದನ್ನ ನಾನ್ ಎಳ್ದು ನೋಡಕಾಯ್ತದಾ ಟೀಚರ್? ಸ್ಕೂಲಲ್ಲಿ ಟೀಚರ್ ಬೋರ್ಡ್ ಮೇಲೆ ಬರ್ದಿದ್ದನ್ನ ಯಾರಾರ ಒರ್ಸಿ ನೋಡ್ತಾರಾ?’

ಇದನ್ನು ಹಿಂದಿಗೆ ತಿರುಗಿಸಿ ಹೇಳಬೇಕಾದವಳು ನಾನೇ. ಹೇಳಿದೆ. ಹೇಳುವಾಗ ನನ್ನ ಮೂವತ್ತಮೂರು ವರ್ಷದ ಸಾಲುಗಳು ಕಣ್ಣಿಗೆ ಬಂದವು: ಬಿಸಿಲಿನಲ್ಲಿ ತೋಳುದ್ದ ಅಂತರದಲ್ಲಿ ನಿಂತ ಮಕ್ಕಳು, ನಾನು ಹೇಳಿದ್ದಕ್ಕೆ ಏಕೆ ಎಂದು ಒಮ್ಮೆಯೂ ಕೇಳದವರು. ಕೇಳಲು ನಾನು ಬಿಟ್ಟವಳೇ ಅಲ್ಲ.

ಹೇಮಾ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು. ಮೃದುವಾಗಿಯೇ ಹೇಳಿದಳು: ನಾಳೆ ಮತ್ತೆ ಇದೇ ಗಾಡ್ ದಾಟಿ ಹಿಂದಿರುಗಬೇಕು, ಚಿತ್ರಾ ನಿಮ್ಮನ್ನು ತಿದ್ದಬಲ್ಲಳೆಂದು ಈ ಸಂಜೆ ನನಗೆ ತೋರಿಸಿದರೆ ನಾಳೆಯೂ ಅವಳೇ ಮುಂದಾಳು, ಡಿಸೆಂಬರಿಗೂ ಅವಳೇ. ಇಲ್ಲದಿದ್ದರೆ ಎರಡೂ ಇಲ್ಲ.

ಐದು ಗಂಟೆಗೆ ಹಗ್ಗ ಹಿಡಿದು ನಾವಿಬ್ಬರೂ ಡೇರೆಯ ಪಕ್ಕದ ದೇವದಾರು ಮರಕ್ಕೆ ಹೋದೆವು. ಹೇಮಾ ಕಲ್ಲಿನ ಮೇಲೆ ಕೂತಳು. ನಾನು ಎಂಟರ ಗಂಟು ಕಟ್ಟಿದೆ, ಈ ಸಲ ಬೆರಳನ್ನು ಕಣ್ಣಿನಿಂದ ಕಾಯುತ್ತಾ. ಚಿತ್ರಾ ಹಗ್ಗಕ್ಕೆ ಮೈ ಕೊಟ್ಟು ಜಗ್ಗಿದಳು. ಗಂಟು ಜಗ್ಗಲಿಲ್ಲ. ಮುಗಿಯಿತು ಎಂದುಕೊಂಡೆ. ಅವಳು ಬಗ್ಗಿ ಗಂಟಿನ ತುದಿಯನ್ನು ಗೇಣಿಟ್ಟು ಅಳೆದಳು.

‘ತುದಿ ಗಿಡ್ಡ ಆಯ್ತು. ಬಿಚ್ಚಿ, ಟೀಚರ್.’

‘ಹಿಡೀತಲ್ಲೇ, ಸಾಕು ಬುಡೇ’ ಎಂದೆ. ನಿಜವಾಗಿಯೂ ಸಾಕಾಗಿತ್ತು.

‘ಸಾಕಾಗಲ್ಲ ಕಣ್ರೀ. ಬಿಚ್ಚಿ ಇನ್ನೊಂದ್ಸಲ ಕಟ್ಟಿ.’

ಅವಳ ಕುತ್ತಿಗೆ ಕೆಂಪಗಾಗಿತ್ತು. ಕಣ್ಣು ಮಾತ್ರ ತಗ್ಗಿಸಲಿಲ್ಲ. ಬಿಚ್ಚಿದೆ. ಕಟ್ಟಿದೆ. ಮತ್ತೆರಡು ಸಲ ಬಿಚ್ಚಿಸಿದಳು. ನಾಲ್ಕನೆಯ ಸಲ ಎರಡು ಬಾರಿ ಜಗ್ಗಿ, ಹಿಂದಿಯಲ್ಲಿ, ಎಲ್ಲರಿಗೂ ಹೇಳುವ ಹಾಗೆಯೇ, ಸರಿಯಿದೆ ಎಂದಳು. ಹೇಮಾ ಎದ್ದು ಪುಸ್ತಕದಲ್ಲಿ ಮೂರನೆಯ ಹೆಸರು ಬರೆದುಕೊಂಡು, ನಮಗೆ ಕಾಣುವ ಹಾಗೆ ಹಿಡಿದು, ಹೋದಳು. ಚಿತ್ರಾ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಮೂಗು ಒರೆಸಿಕೊಂಡಳು. ಆಮೇಲೆ ಇರಾಳ ಚೀಲ ಒಣಗಿತೇ ಎಂದು ನೋಡಲು ಓಡಿದಳು.

ಗಂಟು ಬಿಚ್ಚುತ್ತಾ ನಾನೊಬ್ಬಳೇ ನಿಂತೆ. ಈ ಗಂಟನ್ನು ಊರಿನಲ್ಲಿ ಒದ್ದೆ ನಾರಿನ ಹಗ್ಗಕ್ಕೆ ಹಾಕಿದರೆ ಕಲ್ಲಾಗಿ ಕೂರುತ್ತದೆ, ಕುಡುಗೋಲೇ ಬೇಕು. ಊರಿನದನ್ನು ಇಲ್ಲಿ ಹಾಕಿದರೆ ಏನಾಗುತ್ತದೆಂದು ನೋಡಿದ್ದೇನೆ. ವರ್ಷ ಮುಗಿಸಿ ಹೋದ ಮೇಲೆ ಶಿವಣ್ಣ ಗಾಡಿ ಹೇರಿ ಹಗ್ಗದ ತುದಿ ನನ್ನ ಕೈಗೆ ಕೊಟ್ಟಾಗ ಕೈ ಯಾವುದನ್ನು ಕಟ್ಟುತ್ತದೋ ಗೊತ್ತಿಲ್ಲ. ಇನ್ನು ಎರಡು ಕಡೆಯೂ ಯೋಚಿಸಿಯೇ ಕಟ್ಟಬೇಕು.

ಐದೂ ಮುಕ್ಕಾಲಿಗೆ ಹಗ್ಗವನ್ನು ಮಾರುದ್ದಕ್ಕೆ ಸುತ್ತಿ, ಒದ್ದೆ ತುದಿಯನ್ನು ಹೊರಗೆ ಬಿಟ್ಟು, ಸಾಮಾನಿನ ಡೇರೆಯಲ್ಲಿ ತೂಗುಹಾಕಿದೆ.