ಮಾರೆಮ್ಮನ ಸುಣ್ಣದ ಗುಂಡಿ

ಮಾನ್ವಿಯ ಕುರಿಗಾರ್ತಿ ಮಾರೆಮ್ಮ ಯಾರಿಗೂ ತಲೆಬಾಗಿದವಳಲ್ಲ. ನಿಜಾಮರ ಕೊನೆಗಾಲದಲ್ಲಿ ಕಂಚುಗಾರ ವೀರಭದ್ರಪ್ಪ ತಾಮ್ರದ ಕೊಡಗಳನ್ನು ಮೈ ಸುಡುವ ತೇಜಾಬೆಂಬ ಆಮ್ಲದಲ್ಲಿ ತೊಳೆದು, ಆ ನೀಲಿ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದ. ಅದನ್ನು ಕುಡಿದು ಅವಳ ಹಲವು ಕುರಿಗಳು ಸತ್ತವು.

ಯುಗಾದಿಗೆ ಗೋಡೆ ಬಳಿದ ಸುಣ್ಣದ ಗಡಿಗೆಯನ್ನು ಅವಳು ಆ ನೀರಿನಲ್ಲೇ ತೊಳೆಯಹೋದಾಗ, ನೀಲಿಯೆಲ್ಲ ಒಡೆದ ಹಾಲಿನಂತೆ ಗಡಿಗೆಯ ತಳಕ್ಕಿಳಿದು, ಮೇಲೆ ತಿಳಿನೀರು ನಿಂತಿತು. ಮರುದಿನ ಉಳಿದ ಹಿಂಡನ್ನೇ ಅವನ ಅಂಗಡಿಗೆ ಅಡ್ಡ ಕೂರಿಸಿದಳು.

“ಬಾಗಿಲು ಬಿಡಬೇ,” ಎಂದ ವೀರಭದ್ರಪ್ಪ.

“ಗುಂಡಿ ತೋಡಿ ಆ ನೀರಿಗೆ ಸುಣ್ಣ ಕಲಸು. ನೀಲಿ ತಳಕ್ಕ ಕುಂತ ಮ್ಯಾಲೆ ನೀರು ಬಿಡು. ಅಲ್ಲೀತನಕ ಇವು ಏಳಂಗಿಲ್ಲ.”

“ಕುರಿ ಮಾತು ನಾ ಕೇಳಬೇಕೇನು?”

“ಅವಕ್ಕ ಮಾತು ಬರಂಗಿಲ್ಲಪ್ಪ, ಅದಕ್ಕ ನಾ ಬಂದೀನಿ.”

ಸಂಜೆಯ ಹೊತ್ತಿಗೆ ಅಂಗಡಿಯ ಬಾಗಿಲ ತುಂಬ ಹಿಕ್ಕೆ. ಬೇರೆ ದಾರಿಯಿಲ್ಲದೆ ಅವನು ಗುದ್ದಲಿ ಹಿಡಿದ. ಗುಂಡಿಯಾದ ಮೇಲೂ ಮಾರೆಮ್ಮ ಸುಮ್ಮನಾಗಲಿಲ್ಲ. ದಿನವೂ ಅದರ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ, ತಿಳಿಯಾಗಿದ್ದರಷ್ಟೇ ಹಳ್ಳಕ್ಕೆ ಬಿಡಲು ಕೊಡುತ್ತಿದ್ದಳು.