ದೊಡ್ಡಮ್ಮ ತೂಗಿದ ಒದ್ದೆ ಅಂಗಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹೆರಿಗೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹಸುಗೂಸುಗಳ ಕೋಣೆಯ ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆಯಾ ಕೈತೊಳೆದು, ಒರೆಸಿ, ಎರಡೂ ಅಂಗೈಗಳನ್ನು ಉಜ್ಜಿಕೊಳ್ಳುತ್ತಾರೆ. ಮಣಿಕಟ್ಟಿಗೆ ಒತ್ತಿ ನೋಡಿ, ಇನ್ನೂ ತಣ್ಣಗಿವೆ ಎಂದು ಮತ್ತೆ ಉಜ್ಜುತ್ತಾರೆ. ಬೆಚ್ಚಗಾದ ಮೇಲೆಯೇ ಎರಡನೇ ತೊಟ್ಟಿಲಿಗೆ ಬಾಗುವುದು.

ಗಂಡುಮಗುವಿನ ನ್ಯಾಪಿಯನ್ನು ಅವರು ಒಮ್ಮೆಗೇ ಬಿಚ್ಚುವುದಿಲ್ಲ. ಮುಂಭಾಗವನ್ನು ಎರಡು ಬೆರಳಿನಷ್ಟು ಎತ್ತಿ, ಒಂದಿಷ್ಟು ಗಾಳಿ ಸೋಕಿಸಿ, ತಕ್ಷಣ ಮುಚ್ಚಿ ಮೇಲೆ ಅಂಗೈ ಇಡುತ್ತಾರೆ. ಮಗುವಿನ ಹುಬ್ಬು ಗಂಟಾಗುತ್ತದೆ, ಮುಖ ನ್ಯಾಯಾಧೀಶರಷ್ಟು ಗಂಭೀರವಾಗುತ್ತದೆ. ಹತ್ತು ಎಣಿಸುವಷ್ಟರಲ್ಲಿ ಅಂಗೈಯಡಿ ಬಿಸಿಯಾಗುತ್ತದೆ.

"ಆಯ್ತಾ ದೊರೆ? ಈಗ ಬಿಚ್ಲಾ?" ಎಂದು ಅಪ್ಪಣೆ ಕೇಳಿ, ಆಮೇಲೆ ಬಿಚ್ಚುತ್ತಾರೆ.

ಈ ಕೋಣೆಯಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮ. ವಯಸ್ಸು ಐವತ್ನಾಲ್ಕು. ತಮಗಿಂತ ಹಿರಿಯರಾದ ಅಜ್ಜಿಯರೂ ಹಾಗೇ ಕರೆಯುವುದಕ್ಕೆ ಅವರಿಗೆ ನಗು. ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಗಂಡುಮಕ್ಕಳ ತೊಟ್ಟಿಲು ತೋರಿಸಿ ಹೇಳುತ್ತಾರೆ: "ಹೆಣ್ಮಕ್ಕಳು ಪಾಪ, ಮಾಡಿದ್ದೆಲ್ಲ ಅಲ್ಲಲ್ಲೇ. ಇವರದ್ದು ಹಾಗಲ್ಲ ನೋಡಿ. ಎದುರಿಗಿರೋರು ಯಾರು, ಏನು ಅಂತಿಲ್ಲ. ಒಂದ್ಸಲ ದೊಡ್ಡ ಡಾಕ್ಟರ ಕನ್ನಡಕಕ್ಕೇ ಹೊಡೆದಿದ್ದ ಒಬ್ಬ. ಅವರು ಬಾಯಿ ಮುಚ್ಕೊಂಡಿದ್ದಿದ್ದು ಪುಣ್ಯ!"

ಹೊಸ ತಾಯಂದಿರಿಗೆ ಅವರು ಹೇಳಿಕೊಡುವುದು ಇಷ್ಟೇ. ಬಿಚ್ಚುವ ಮೊದಲು ಒರೆಸುವ ಬಟ್ಟೆ ಎಡಗೈಯಲ್ಲಿರಬೇಕು. ಹೊಸದನ್ನು ಕಟ್ಟುವಾಗ ಗಂಡುಮಗುವಿನ ಮೂತ್ರಾಂಗ ಕೆಳಮುಖವಾಗಿರಬೇಕು. ಮೇಲ್ಮುಖವಾಗಿದ್ದರೆ ಸೊಂಟದ ಪಟ್ಟಿಯಿಂದ ಹರಿದು ಹೊಕ್ಕುಳು ನೆನೆಯುತ್ತದೆ. ಕಾಲೆತ್ತಿ ಹಿಡಿದಾಗ ಹಿಂದೆ ಯಾರೂ ನಿಲ್ಲಬಾರದು. ಯಾಕೆಂದು ಕೇಳಿದರೆ ಗೋಡೆಯ ಮೇಲಿನ ಒಂದು ಹಳದಿ ಕಲೆ ತೋರಿಸುತ್ತಾರೆ. ತೊಟ್ಟಿಲಿಗೂ ಗೋಡೆಗೂ ನಡುವೆ ಮೂರು ಮೊಳ ದೂರವಿದೆ.

ಹನ್ನೆರಡು ತೊಟ್ಟಿಲು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ತೊಟ್ಟಿಲಿಗೆ ಮೂರು ಸಲದಂತೆ ಮೂವತ್ತಾರು ನ್ಯಾಪಿ. "ಅದು ಪುಸ್ತಕದ ಲೆಕ್ಕ. ಕಟ್ಟಿ ಕೈ ತೆಗೆಯೋ ಮುಂಚೆ ಮತ್ತೆ ಮಾಡೋರದ್ದು ಸೇರಿಸಿದ್ರೆ ಐವತ್ತು ದಾಟುತ್ತೆ," ಎನ್ನುತ್ತಾರೆ. ಬಾಗಿ ಬಾಗಿ ಸೊಂಟ ಹಿಡಿಯುತ್ತದೆ. ಸೋಪು ತಾಗಿ ತಾಗಿ ಬೆರಳ ಸಂದು ಬಿರಿದಿದೆ. ಒರಟು ಚರ್ಮ ಮಗುವಿಗೆ ತಾಗೀತೆಂದು ದಿನಾ ಪಾಳಿ ಮುಗಿದ ಮೇಲೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ.

ಈ ಕೋಣೆಗೆ ಬರುವ ಮೊದಲು ಹನ್ನೊಂದು ವರ್ಷ ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದವರು ಅವರು. ಗಂಡ ಬಣ್ಣ ಬಳಿಯುವವರು; ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ ಇವರು ಕೆಲಸಕ್ಕೆ ಸೇರಿದ್ದು. ಆಗ ಕಿರಿಯ ಮಗನಿಗೆ ಎರಡು ತಿಂಗಳು. "ಊರವರ ಮಕ್ಕಳ ಬಟ್ಟೆ ಎಲ್ಲ ನಾನು ಒಗೆದೆ. ನನ್ನ ಮಗನದ್ದು ನಮ್ಮತ್ತೆ ಒಗೆದ್ರು," ಎನ್ನುತ್ತಾ ಮುಂದಿನ ತೊಟ್ಟಿಲಿಗೆ ಸರಿಯುತ್ತಾರೆ.

ಏಳನೇ ತೊಟ್ಟಿಲಿನ ಬಳಿ ರಾತ್ರಿ ಪಾಳಿಯ ಸಿಸ್ಟರ್ ಚಾರ್ಟ್ ಹಿಡಿದು ನಿಂತಿದ್ದಾರೆ. ಅವಧಿಗೆ ಮೂರು ವಾರ ಮುಂಚೆ ಹುಟ್ಟಿದ, ಐದು ದಿನದ ಗಂಡುಮಗು. ನಡುವೆ ಜ್ವರ ಬಂದುಹೋಗಿದೆ. ಇಂಥ ಮಕ್ಕಳ ನ್ಯಾಪಿಯನ್ನು ಎಸೆಯುವ ಮೊದಲು ತೂಗುತ್ತಾರೆ. ಒಣ ನ್ಯಾಪಿಯ ತೂಕ ಕಳೆದರೆ ಮಗು ಎಷ್ಟು ಉಚ್ಚೆ ಹೊಯ್ದಿದೆ ಎಂದು ತಿಳಿಯುತ್ತದೆ. ನಿನ್ನೆ ಸಂಜೆಯಿಂದ ಚಾರ್ಟ್‌ನಲ್ಲಿ ಬರೀ ಸೊನ್ನೆಗಳು.

"ಎಂಟು ಗಂಟೆಗೆ ಡಾಕ್ಟರಮ್ಮ ನೋಡ್ತಾರೆ. ಆಗ್ಲೂ ಸೊನ್ನೆ ಅಂದ್ರೆ ಆಂಬುಲೆನ್ಸ್. ಕಿಡ್ನಿ ಪರೀಕ್ಷೆ ದೊಡ್ಡಾಸ್ಪತ್ರೇಲೇ ಆಗ್ಬೇಕಂತೆ," ಎನ್ನುತ್ತಾರೆ ಸಿಸ್ಟರ್.

"ತಾಯಿ?"

"ಹೊಲಿಗೆ ಇನ್ನೂ ಹಸಿಯಾಗಿದೆ. ಅವಳನ್ನ ಹೇಗೆ ಕಳಿಸೋದು? ಮಗು ಒಂದೇ ಹೋಗ್ಬೇಕು."

ತಾಯಿ ಕೆಳಗಿನ ಮಹಡಿಯಲ್ಲಿ ಮಲಗಿದ್ದಾಳೆ. ಮೂರು ಗಂಟೆಗೊಮ್ಮೆ ಅವಳು ಹಿಂಡಿಕೊಟ್ಟ ಹಾಲನ್ನು ಪುಟ್ಟ ಬಾಟಲಿಯಲ್ಲಿ ತಂದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಮಚದಲ್ಲಿ ಕುಡಿಸುವವನು ತಂದೆ. ಬಸ್ ಡ್ರೈವರ್. ಏಳು ಗಂಟೆಯ ಹಾಲು ಕುಡಿಸಿ ಎದ್ದವನನ್ನು ದೊಡ್ಡಮ್ಮ ತಡೆಯುತ್ತಾರೆ.

"ಏನಪ್ಪಾ, ಅಂಗಿ ಒದ್ದೆ?"

"ಕೈ ತೊಳ್ಕೊಂಡೆ ದೊಡ್ಡಮ್ಮ. ನೀರು ಸಿಡೀತು."

ದೊಡ್ಡಮ್ಮ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾರೆ. "ಹನ್ನೊಂದು ವರ್ಷ ಒಗೆದಿದ್ದೀನಿ. ನೀರು ಯಾವುದು ಅಂತ ನಂಗೆ ಹೇಳ್ಕೊಡ್ತೀಯಾ? ಇದು ಈಗಿನದು. ಇಲ್ಲಿ ಒಣಗಿ ಬಿಗಿಯಾಗಿದ್ಯಲ್ಲ, ಇದು ರಾತ್ರೀದು. ಇದು ಅದಕ್ಕೂ ಹಿಂದಿಂದು. ಹೇಳು, ನ್ಯಾಪಿ ಬಿಚ್ಚಿದ್ಯಾ?"

ಬೆಳಗಾಗುವ ಮುನ್ನ ಐವತ್ತು ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸುವ ಆ ಆಳು ತಲೆ ತಗ್ಗಿಸಿ ನಿಲ್ಲುತ್ತಾನೆ. "ಸೊನ್ನೆ, ಸೊನ್ನೆ ಅಂತಿದ್ರು. ಒದ್ದೆ ಆಯ್ತೇನೋ ಅಂತ ಪ್ರತಿ ಸಲ ಸ್ವಲ್ಪ ತೆರೆದು ನೋಡ್ದೆ. ನೋಡೋಕೆ ಹೋದಾಗೆಲ್ಲ ನನ್ನ ಮೇಲೇ ಹಾರಿಸ್ಬಿಟ್ಟ. ಒರೆಸ್ಕೊಂಡು ಮತ್ತೆ ಮುಚ್ಚಿಟ್ಟೆ. ತೂಗೋ ನ್ಯಾಪೀನ ಮನೆಯವರು ಬಿಚ್ಚಬಾರ್ದು ಅಂತ ಗೋಡೆ ಮೇಲೇ ಬರೆದಿದ್ದೀರಲ್ಲ... ಹೇಳಿದ್ರೆ ಮಗೂನ ಮುಟ್ಟೋಕೇ ಬಿಡಲ್ಲ ಅಂದ್ಕೊಂಡೆ. ನಂದು ತಪ್ಪಾಯ್ತು."

"ತಪ್ಪು ಆಮೇಲೆ. ಮೊದ್ಲು ಅಂಗಿ ಬಿಚ್ಚು."

ಆಸ್ಪತ್ರೆಯ ನಿಲುವಂಗಿಯೊಂದನ್ನು ಅವನ ಹೆಗಲಿಗೆ ಹೊದಿಸಿ, ದೊಡ್ಡಮ್ಮ ಅಂಗಿಯನ್ನು ನ್ಯಾಪಿ ತೂಗುವ ತಕ್ಕಡಿಯ ಮೇಲಿಡುತ್ತಾರೆ. ಇನ್ನೂರ ಹದಿನಾಲ್ಕು ಗ್ರಾಂ. ನೋಯುವ ಸೊಂಟ ಹಿಡಿದುಕೊಂಡೇ ನೆಲಮಾಳಿಗೆಗೆ ಇಳಿದು, ಹಳೆಯ ಗೆಳತಿಯರ ಬಳಿ ಅದನ್ನು ಯಂತ್ರದಲ್ಲಿ ಒಣಗಿಸಿಕೊಂಡು ಬರುತ್ತಾರೆ. ಮತ್ತೆ ತೂಕ. ನೂರ ತೊಂಬತ್ತೈದು.

ಎಂಟಕ್ಕೆ ಬಂದ ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಬೈಯುವುದಿಲ್ಲ, ನಗುವುದೂ ಇಲ್ಲ. "ಹತ್ತೊಂಬತ್ತು ಗ್ರಾಂನಲ್ಲಿ ಅಪ್ಪನ ಬೆವರೆಷ್ಟು, ಮಗನದ್ದೆಷ್ಟು? ಚಾರ್ಟ್‌ನಲ್ಲಿ ಅಂಗಿ ಬರೆಯೋಕಾಗಲ್ಲ ದೊಡ್ಡಮ್ಮ. ಮಗು ಚುರುಕಾಗಿದೆ, ಅದಕ್ಕೇ ಒಂಬತ್ತೂವರೆವರೆಗೆ ಕಾಯ್ತೀನಿ. ಆಂಬುಲೆನ್ಸ್ ಕೆಳಗೇ ಇರ್ಲಿ. ಅಲ್ಲೀವರ್ಗೂ ಯಾರೂ ಬಿಚ್ಚಕೂಡ್ದು."

ಹೊಸ ನ್ಯಾಪಿ ಕಟ್ಟಿ, ದೊಡ್ಡಮ್ಮ ತಂದೆಯನ್ನು ತೊಟ್ಟಿಲ ಪಕ್ಕ ಕೂರಿಸುತ್ತಾರೆ. ಅವನ ಕೈ ನಿಲ್ಲುವುದಿಲ್ಲ. ಹೊದಿಕೆ ಸರಿಮಾಡುವ ನೆಪದಲ್ಲಿ ಬೆರಳು ಸೊಂಟದ ಪಟ್ಟಿಯವರೆಗೂ ಹೋಗಿ ವಾಪಸಾಗುತ್ತದೆ.

"ಆಗಿರಬಹುದಾ ದೊಡ್ಡಮ್ಮ?"

"ಗೊತ್ತಿಲ್ಲ ಕಣಪ್ಪ."

"ಸುಮ್ನೆ ಒಂಚೂರು ನೋಡ್ಲಾ?"

"ನೋಡಿ ನೋಡೇ ಇಷ್ಟಾಗಿದ್ದು. ಕೈ ಇಲ್ಲಿ ಕೊಡು."

ಬೇರೆ ತೊಟ್ಟಿಲುಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ದೊಡ್ಡಮ್ಮ ಬಂದು ಆ ಒರಟು ಕೈಗಳನ್ನು ತಮ್ಮ ಬಿರಿದ ಅಂಗೈಗಳಲ್ಲಿ ಹಿಡಿದು ಕೂರುತ್ತಾರೆ. ಅವರು ಎದ್ದುಹೋದಾಗ ಅವನು ಕೈಗಳನ್ನು ತೊಡೆಯಡಿ ಇಟ್ಟುಕೊಳ್ಳುತ್ತಾನೆ. ಮಗು ಒಮ್ಮೆ ಆಕಳಿಸುತ್ತದೆ, ಒಮ್ಮೆ ಹುಬ್ಬು ಗಂಟಿಕ್ಕುತ್ತದೆ. ಅಪ್ಪ ಉಸಿರು ಬಿಗಿಹಿಡಿಯುತ್ತಾನೆ. ಕೈ ಮಾತ್ರ ಅಲುಗುವುದಿಲ್ಲ.

ಒಂಬತ್ತೂವರೆಗೆ ಡಾಕ್ಟರಮ್ಮ ತಾವೇ ತಕ್ಕಡಿಯ ಮುಂದೆ ನಿಲ್ಲುತ್ತಾರೆ. ನ್ಯಾಪಿಯನ್ನು ಬಿಚ್ಚಿ ಕೈಯಲ್ಲೆತ್ತಿದ ಕ್ಷಣವೇ ದೊಡ್ಡಮ್ಮನ ಮುಖ ಸಡಿಲಾಗುತ್ತದೆ. ತಕ್ಕಡಿ ಅಂಕಿ ತೋರಿಸುವ ಮೊದಲೇ "ಇಪ್ಪತ್ತರ ಮೇಲಿದೆ" ಎನ್ನುತ್ತಾರೆ. ಒಣ ತೂಕ ಕಳೆದು ಇಪ್ಪತ್ಮೂರು ಗ್ರಾಂ. ಡಾಕ್ಟರಮ್ಮ ಎರಡು ಸಲ ತೂಗಿಸಿ, ಬರೆದು, ಫೋನ್ ಎತ್ತಿ "ಆಂಬುಲೆನ್ಸ್ ಬೇಡ" ಎನ್ನುತ್ತಾರೆ.

ತಂದೆ ನಿಲುವಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ, ಮಡದಿಗೆ ಸುದ್ದಿ ಹೇಳಲು ಮೆಟ್ಟಿಲಿಳಿದು ಓಡುತ್ತಾನೆ. ಅಂಗಿ ತಕ್ಕಡಿಯ ಪಕ್ಕದಲ್ಲೇ ಉಳಿದಿದೆ. ದೊಡ್ಡಮ್ಮ ಅದನ್ನು ಮಡಿಚಿಟ್ಟು ಎಂಟನೇ ತೊಟ್ಟಿಲಿಗೆ ನಡೆಯುತ್ತಾರೆ.

ಇಷ್ಟು ವರ್ಷ ದುಡಿದಿದ್ದೀರಿ, ಆಸ್ಪತ್ರೆಯವರಿಂದ ನಿಮಗೇನು ಆಗಬೇಕು ಎಂದು ಪಾಳಿ ಮುಗಿದ ಮೇಲೆ ಕೇಳುತ್ತೇನೆ. ಕೈಗೆ ಎಣ್ಣೆ ತಿಕ್ಕುತ್ತಲೇ ಉತ್ತರಿಸುತ್ತಾರೆ.

"ಆ ಚಾರ್ಟ್‌ನಲ್ಲಿ ಇನ್ನೊಂದು ಕಾಲಂ ಹಾಕಿಸ್ಕೊಟ್ರೆ ಸಾಕು. 'ಹೊರಗೆ ಬಿದ್ದದ್ದು' ಅಂತ. ಎಷ್ಟು ಅಂತ ಗೊತ್ತಾಗ್ದಿದ್ರೂ ಪರವಾಗಿಲ್ಲ, ಬಿತ್ತು ಅಂತ ಬರೆದ್ರಾಯ್ತು. ನಾನೊಂದಿನ ರಜಾ ಹಾಕಿದಾಗ್ಲೂ ಯಾವ ಮಗುವೂ ಅದಕ್ಕೋಸ್ಕರ ತಾಯೀನ ಬಿಟ್ಟು ಹೋಗ್ಬಾರ್ದು ನೋಡಿ."